ನಮ್ದು, ಮಂದೀದು

ತಸ್ಲೀಮ್‌ಗೆ ತನ್ನ ಮಾಲೀಕನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಬರಲಿಕ್ಕೂ ಎದುರಿನ ಮನುಷ್ಯ ಒಂದು ತೂಕಕ್ಕೆ ಬರಬೇಕು. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಧಣಿ ವೀರೇಂದ್ರನ ಬಗ್ಗೆ ಅವಳಿಗಿದ್ದದ್ದು ಬರೀ ತಾತ್ಸಾರ. ಅದನ್ನು ಅವಳು ಊಟದ ಡಬ್ಬಿಯ ಜೊತೆಗೇ ದಿನಾ ತಂದು, ದಿನಾ ಒಯ್ಯುತ್ತಿದ್ದಳು.

ಅವಳು ರಾಣೆಬೆನ್ನೂರಿನ ಗೂಡುಸಾಬನ ಹಿರಿಮಗಳು. ಅಪ್ಪ ಮೆಣಸಿನಕಾಯಿ ಚೀಲ ಹೊಲಿದು ಹೊಲಿದು ಕಣ್ಣು ಮಂಜಾಗಿಸಿಕೊಂಡು ಮನೆಯಲ್ಲಿ ಕೂತಿದ್ದ. ಹಾವೇರಿಯಲ್ಲಿ ಬಿ.ಕಾಂ. ಮುಗಿಸಿದ ವರ್ಷವೇ, ಅಂದರೆ 2005ರಲ್ಲಿ, ತಸ್ಲೀಮ್ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಪ್ಯಾಸೆಂಜರ್ ರೈಲು, ಸ್ಟೇಷನ್ನಿನಿಂದ ನಡಿಗೆ, ಗೇಟು ದಾಟುತ್ತಲೇ ಮೆಣಸಿನಕಾಯಿ ಘಾಟಿಗೆ ನಾಲ್ಕು ಸೀನು, ಆಮೇಲೆ ಕಂಪ್ಯೂಟರು. ಸಂಬಳ ಮೂರೂವರೆ ಸಾವಿರ. ಮನೆ ನಡೆಯುತ್ತಿದ್ದದ್ದು ಅದರ ಮೇಲೆಯೇ.

ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಟ್ಟ ಹುಬ್ಬಳ್ಳಿಯವನು ಎರಡು ದಿನ ಇದ್ದು, ಐದಾರು ಪ್ಲೇಟ್ ಮಿರ್ಚಿ ಭಜಿ ತಿಂದು ಹೋದ. ಉಳಿದದ್ದನ್ನು ಅವಳೇ ತಡಕಾಡಿ ಕಲಿತಳು. ಒಂದು ಪರದೆಯಲ್ಲಿ ವರದಿಗೆ ಏನೇನು ಬರಬೇಕೆಂದು ಆರಿಸಬೇಕು: ಯಾವ ತಾರೀಖು, ಯಾವ ತಳಿ, ಯಾರ ಮಾಲು. ಇನ್ನೊಂದರಲ್ಲಿ ಅದು ಹಾಳೆಯ ಮೇಲೆ ಹೇಗೆ ಕೂರಬೇಕೆಂದು ಹೇಳಬೇಕು: ಯಾವ ಕಾಲಂ ಇರಲಿ, ಯಾವುದು ಹೋಗಲಿ, ಅಕ್ಷರ ಎಷ್ಟು ದಪ್ಪ. 'ಯಾರ ಮಾಲು' ಎಂಬಲ್ಲಿ ಎರಡು ಗುಂಪಿಗೆ ಹೆಸರಿಡಬೇಕಾಗಿತ್ತು. ಹಮಾಲರ ಹಿರಿಯ ಭರಮಣ್ಣ ಲಾರಿಯಿಂದ ಚೀಲ ಇಳಿಸುವಾಗ ಕೂಗುವುದು ಕಿಟಕಿಯಿಂದ ಕೇಳುತ್ತಿತ್ತು.

"ಇದು ನಮ್ದು, ಎಡಕ್ಕ ಒಗೀರಿ. ಇದು ಮಂದೀದು, ಬಲಕ್ಕ."

ಧಣಿಯ ಸ್ವಂತ ಖರೀದಿ 'ನಮ್ದು'. ಮೇಡ್ಲೇರಿ, ಐರಣಿ ಕಡೆಯ ರೈತರು ಬಾಡಿಗೆ ಕೊಟ್ಟು ಇಟ್ಟದ್ದು 'ಮಂದೀದು'. ಹಮಾಲ ಧಣಿಯ ಮಾಲನ್ನು ನಮ್ದು ಎನ್ನುತ್ತಿದ್ದ. ಧಣಿ ಒಂದು ದಿನವೂ ಹಮಾಲನನ್ನು ನಮ್ಮವ ಅಂದಿರಲಿಲ್ಲ, ಆ ಮಾತು ಬೇರೆ. ತಸ್ಲೀಮ್ ಅವೇ ಎರಡು ಹೆಸರುಗಳನ್ನು ಟೈಪ್ ಮಾಡಿದಳು.

ವೀರೇಂದ್ರ ವರದಿಯಲ್ಲಿ ಓದುತ್ತಿದ್ದದ್ದು ಒಂದೇ ಸಾಲು, ತನ್ನ ಹೆಸರಿನದು. ಅದು ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದಪ್ಪ ಇರಬೇಕು. 'ಶ್ರೀ' ಎಂಬುದಕ್ಕಿಂತಲೂ ಅವನ ಹೆಸರೇ ದೊಡ್ಡದು. ಸಹಿಯ ಜಾಗವನ್ನೂ ಅವನು ಹೆಸರಿನ ಮಗ್ಗುಲಿಗೇ ಎತ್ತಿಸಿಕೊಂಡಿದ್ದ. "ತಳಕ್ಕ ಸಹಿ ಮಾಡಾವ್ರು ನೌಕರದಾರ್ರು" ಎನ್ನುತ್ತಿದ್ದ. ಅಪ್ಪ ಗಳಿಸಿಟ್ಟದ್ದರ ಮೇಲೆ ಕೂತವನಿಗೆ ಇಷ್ಟು ಸೊಕ್ಕು ಹೇಗೆ ಬರುತ್ತದೋ ದೇವರಿಗೇ ಗೊತ್ತು.

2007ರ ಬೇಸಿಗೆಯಲ್ಲಿ ಅವನಿಗೆ ಎರಡನೆಯ ಕೋಲ್ಡ್ ಸ್ಟೋರೇಜ್ ಕಟ್ಟುವ ಹುಕಿ ಬಂತು. ಸಾಲಕ್ಕೆ ಬ್ಯಾಂಕಿನವರು ಅವನ ಸ್ವಂತ ದಾಸ್ತಾನಿನ ವರದಿ ಕೇಳಿದರು. ಸ್ವಂತದ್ದು ಸಾವಿರದ ಒಂಬೈನೂರು ಚೀಲ. ಮಂದೀದು ಹನ್ನೊಂದು ಸಾವಿರ.

"ಎಲ್ಲಾ ಚೀಲ ಒಂದಾಗಿ ಬರ್ಲಿ. ಯಾರ್ದು ಅನ್ನೂ ಕಾಲಂ ತಗದುಬಿಡು" ಎಂದ ವೀರೇಂದ್ರ, ಹಲ್ಲುಕಡ್ಡಿ ಆಡಿಸುತ್ತ. "ಇಂಗ್ಲಿಷ್ ಒಂದಕ್ಷರ ಇರಬಾರ್ದು. ಕನ್ನಡದಾಗ ಠೀಕಾಗಿ ಕಾಣಬೇಕು. ತಳಕ್ಕ ತಯಾರಿಸಿದವರು ಅಂತ ನಿನ್ನ ಹೆಸರು ಹಾಕು."

"ಮಂದಿ ಮಾಲು ನಿಮ್ದಂತ ಹೆಂಗ ತೋರಸೂದ್ರಿ?"

"ನಮ್ಮ ಬೀಗದೊಳಗ ಐತಿ ಅಂದಮ್ಯಾಲ ನಮ್ದ. ನಾಳಿಗೆ ಆಗಲಿಲ್ಲಂದ್ರ ನಾಡಿದ್ದಿನಿಂದ ನೀ ಬರೂದು ಬ್ಯಾಡ."

ಸಾಲ ಮುಳುಗಿದರೆ ಬ್ಯಾಂಕು ರೈತರ ಚೀಲಗಳಿಗೂ ಕೈ ಹಾಕುತ್ತಿತ್ತು. ಸುಳ್ಳು ಬಯಲಾದರೆ ಸಿಕ್ಕಿಬೀಳುವವಳು ವರದಿ ತಯಾರಿಸಿದವಳು. ಒಲ್ಲೆ ಎಂದರೆ ಸಂಬಳವೇ ನಿಲ್ಲುತ್ತಿತ್ತು. ತಸ್ಲೀಮ್‌ಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚು ಹೇಸಿಗೆಯಾಯಿತು.

ಅವಳು ಧಣಿ ಹೇಳಿದಂತೆಯೇ ಮಾಡಿದಳು. ಎರಡೂ ಗುಂಪುಗಳನ್ನು ಆರಿಸಿದಳು. ಕಾಲಂ ತೆಗೆದಳು. ಇಂಗ್ಲಿಷ್ ತಲೆಬರಹಗಳನ್ನೆಲ್ಲ ಒಂದೊಂದಾಗಿ ಕನ್ನಡಕ್ಕೆ ತಿರುಗಿಸಿದಳು. ವರದಿಗೆ ಏನೇನು ಆರಿಸಿದೆ ಎಂಬುದನ್ನು ಆ ಸಾಫ್ಟ್‌ವೇರ್ ಪ್ರತಿ ಹಾಳೆಯ ಬುಡದಲ್ಲೂ ತಾನಾಗಿಯೇ ಮುದ್ರಿಸುತ್ತಿತ್ತು. ಇಷ್ಟು ದಿನ ಇಂಗ್ಲಿಷಿನಲ್ಲಿ ಶುರುವಾಗುತ್ತಿದ್ದ ಆ ಸಾಲನ್ನು ಯಾರೂ ಓದುತ್ತಿರಲಿಲ್ಲ. ಈಗ ಅದೂ ಕನ್ನಡವಾಯಿತು: 'ಆರಿಸಿದ ಮಾಲು: ನಮ್ದು, ಮಂದೀದು.' ಆ ಸಾಲು ಬೇಡವೆಂದರೆ ಒಂದು ಟಿಕ್ ತೆಗೆದರೆ ಸಾಕಿತ್ತು. ಮೌಸಿನ ಬಾಣವನ್ನು ಅಲ್ಲಿಗೆ ಒಯ್ದು ಸ್ವಲ್ಪ ಹೊತ್ತು ನಿಲ್ಲಿಸಿದಳು. ಹೇಳದ ಕೆಲಸ ಮಾಡಬೇಡ ಎಂದು ಧಣಿಯೇ ಎಷ್ಟೋ ಸಲ ಬೈದಿದ್ದ. ಟಿಕ್ ಹಾಗೇ ಬಿಟ್ಟಳು, ಆ ಸಾಲಿನ ಕೆಳಗೆ ತಯಾರಿಸಿದವರು ಎಂದು ತನ್ನ ಹೆಸರು ಹಾಕಿದಳು.

ವೀರೇಂದ್ರ ಮೂರು ಸಲ ಪ್ರಿಂಟ್ ತೆಗೆಸಿದ. ಮೂರು ಸಲವೂ ಹೆಸರನ್ನು ದಪ್ಪ ಮಾಡಲಿಕ್ಕೆ. ಪ್ರತಿ ಸಲ ಬುಡದ ಸಾಲು ಅವನ ಹೆಬ್ಬೆರಳಿನ ಕೆಳಗೇ ಇತ್ತು.

ಮರುದಿನ ಬ್ಯಾಂಕಿನ ಅಧಿಕಾರಿ ಬಂದ, ಧಾರವಾಡದ ಕಡೆಯವನು. ಚಹಾ ಮುಟ್ಟಲಿಲ್ಲ. ಸಾಲ ಕೊಡುವವರ ರೂಢಿಯಂತೆ ಹಾಳೆಯನ್ನು ಬುಡದಿಂದ ಓದತೊಡಗಿದ.

"ಮಂದೀದು ಅಂದ್ರ ಯಾರ್ದ್ರಿ ಇದು?"

ವೀರೇಂದ್ರ ಹಲ್ಲು ಕಿರಿದ. "ಅದಾ? ಅದು ಕಂಪ್ಯೂಟರಿನ ಭಾಷಾ ಇರಬೇಕ್ರಿ."

"ಇದು ನಮ್ಮವ್ವನ ಭಾಷಾ ರೀ" ಎಂದ ಅಧಿಕಾರಿ. ಆಮೇಲೆ ತಸ್ಲೀಮ್ ಕಡೆ ತಿರುಗಿದ. "ಮಂದೀದು ಎಷ್ಟೈತೆವ್ವಾ?"

"ಹನ್ನೊಂದು ಸಾವಿರ ಚೀಲ ರೀ."

ಅವನು ಫೈಲು ಮುಚ್ಚಿ, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಎದ್ದು ಹೋದ. ವೀರೇಂದ್ರನ ಮುಖ ಸುಟ್ಟ ಬದನೆಕಾಯಿ ಆಗಿತ್ತು. ಮಂದಿಯ ಹನ್ನೊಂದು ಸಾವಿರ ಚೀಲ ನುಂಗಲು ಹೊರಟಿದ್ದ ಮನುಷ್ಯನಿಗೆ ಬಾಯಿ ಬಂದದ್ದು ಬ್ಯಾಂಕಿನ ಜೀಪು ಗೇಟು ದಾಟಿದ ಮೇಲೆ.

"ನಡಿ ಹೊರಗ. ಇನ್ನ ಈ ಕಡೆ ಮುಖಾ ಹಾಕಬ್ಯಾಡ."

ಇದು ಅವಳು ಕಾದಿದ್ದ ಮಾತೇ. ಅಪ್ಪನ ಮುಖ ಕಣ್ಣ ಮುಂದೆ ಬಂತು. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಅಂಗಳಕ್ಕೆ ಇಳಿದಳು. ಗೇಟಿನ ಹತ್ತಿರ ಹಮಾಲರು ಕೆಲಸ ನಿಲ್ಲಿಸಿ ನಿಂತಿದ್ದರು. ವೀರೇಂದ್ರ ಹಿಂದಿನಿಂದ ಕೂಗಿದ.

"ಭರಮಣ್ಣಾ, ಆಕಿ ಚೀಲ ನೋಡಿ ಬಿಡು. ಏನರೆ ಒಯ್ಯಾಕತ್ತಿರಬೇಕು."

ಭರಮಣ್ಣ ತಲೆ ತಗ್ಗಿಸಿದ, ಕೈ ಮುಂದೆ ಮಾಡಲಿಲ್ಲ. ತಸ್ಲೀಮ್ ತಾನೇ ಚೀಲ ಬಿಚ್ಚಿ, ಡಬ್ಬಿ ತೆಗೆದು, ಧಣಿಗೆ ಕಾಣುವಂತೆ ಎತ್ತಿ ಹಿಡಿದಳು.

"ನೋಡ್ರಿ" ಎಂದಳು. "ಇದು ನಮ್ದು."