ಹಪ್ಪಳಕ್ಕೆ ಬಿಟ್ಟ ಬಿಸಿಲು

ಈಚೆಗೆ ನಾನು ಮನೆಗೆ ಬಂದವರಿಗೆ ಕಾಫಿ ಕೊಡುವ ಮೊದಲೇ ಅವರನ್ನು ತಾರಸಿ ಹತ್ತಿಸುತ್ತೇನೆ. ಪುಣೆಯಲ್ಲಿ ಹೋಟೆಲು ನಡೆಸುತ್ತ, ಗಿರಾಕಿ ಕೂತ ಕೂಡಲೇ ನೀರಿನ ಲೋಟ ಇಡಬೇಕೆಂದು ಎಲ್ಲರಿಗೂ ಪಾಠ ಹೇಳಿದವನು ಮಾಡುವ ಕೆಲಸವಲ್ಲ ಇದು. ಏನು ಮಾಡಲಿ? ಕೊಂಢವಾ ಬಡಾವಣೆಯ ಅಂಚಿನಲ್ಲಿ ಕೊನೆಗೂ ನಮ್ಮದೊಂದು ಸ್ವಂತ ಮನೆ ಎದ್ದಿದೆ. ನೆತ್ತಿಯ ಮೇಲೆ ಸೋಲಾರ್ ಪ್ಯಾನೆಲ್ಲು, ಹಿಂದಿನ ಗೋಡೆಗೆ ಹೀಟ್ ಪಂಪ್. ಎರಡನ್ನೂ ಆರಿಸಿದವನು ನಾನೇ. ಮೊಮ್ಮಕ್ಕಳ ಫೋಟೋ ತೋರಿಸುವ ಅಜ್ಜಂದಿರನ್ನು ಸಹಿಸುವ ಲೋಕ ನನ್ನನ್ನೂ ಸಹಿಸಿಕೊಳ್ಳಲಿ.

ಹೀಟ್ ಪಂಪ್ ಎಂದರೇನೆಂದು ಮೊದಲು ನನಗೂ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಓಡುತ್ತಿದ್ದ ಒಂದರ ಮುಂದೆ, ಸಾಂಬಾರಿನ ಹದ ನೋಡುವವನ ಗತ್ತಿನಲ್ಲಿ ಕೈ ಒಡ್ಡಿದೆ. ತಣ್ಣನೆಯ ಗಾಳಿ! ಸ್ನಾನದ ನೀರು ಕಾಯಿಸುವ ಯಂತ್ರ ಹೀಗೆ ತಂಪು ಸೂಸಿದರೆ ಯಾರಿಗೆ ತಾನೆ ಅನುಮಾನ ಬಾರದು? ಇದು ಕೆಟ್ಟಿದೆ ಎಂದು ತೀರ್ಪು ಕೊಟ್ಟೆ. ಅಂಗಡಿಯ ಸಿದ್ದಣ್ಣ ವಿಜಯಪುರದ ಕಡೆಯವರು, ಜೋರಾಗಿ ನಕ್ಕರು.

"ಕೆಟ್ಟಿಲ್ರಿ ಸಾವಕಾರ್ರ. ಗಾಳಿಯೊಳಗಿನ ಕಾವು ತಗೊಂಡು ನೀರಿಗೆ ಕೊಡ್ತದ. ಕಾವು ಕೊಟ್ಟ ಗಾಳಿ ತಂಪಾಗಿ ಹೊರಗ ಬರ್ತದ. ಫ್ರಿಜ್ಜಿನ ಉಲ್ಟಾ ಅದ ನೋಡ್ರಿ!"

ಅಂದಿನಿಂದ ಈ ಜ್ಞಾನವನ್ನು ಗಲ್ಲಾದಲ್ಲಿ ಕೂತು ಹಂಚುತ್ತಿದ್ದೇನೆ. ಗಿರಾಕಿಗಳು ಚಿಲ್ಲರೆ ಬಿಟ್ಟು ಓಡುವುದು ಹೆಚ್ಚಾಗಿದೆ. ನಮ್ಮ ಕರಾವಳಿಯ ಬಚ್ಚಲಲ್ಲಿ ಹಂಡೆಗೆ ಉರಿ ಹಾಕುವವರ ಕಣ್ಣು ಕೆಂಪಾಗುತ್ತಿತ್ತು, ಮೀಯುವವರ ಮೈ ಕೆಂಪಾಗುತ್ತಿತ್ತು. ಈಗ ಯಾರ ಕಣ್ಣೂ ಕೆಂಪಾಗದೆ ಮೈ ಕೆಂಪಾಗುತ್ತದೆ. ಪ್ರಗತಿ ಎಂದರೆ ಇದೇ ಇರಬೇಕು.

ಪ್ಯಾನೆಲ್ಲಿನ ಪುರಾಣ ಬೇರೆ. ಹಿರಿಯರು ಪೂರ್ವಕ್ಕೆ ತಿರುಗಿ ಸೂರ್ಯನಿಗೆ ಅರ್ಘ್ಯ ಬಿಟ್ಟರು. ಪ್ಯಾನೆಲ್ಲು ಮಾತ್ರ ದಕ್ಷಿಣಕ್ಕೇ ಮುಖ ಮಾಡಬೇಕಂತೆ. ಅದು ಯಮನ ದಿಕ್ಕು ಎಂದು ವಾಸ್ತು ಬಲ್ಲ ನನ್ನ ಭಾವ ಮುಖ ಸಿಂಡರಿಸಿದರು. ಯಮನೂ ಸೂರ್ಯನ ಮಗನೇ ಅಲ್ಲವೇ, ಅಪ್ಪನ ವ್ಯವಹಾರಕ್ಕೆ ಅಡ್ಡ ಬರಲಾರ ಎಂದೆ. ನನ್ನ ಪಾಂಡಿತ್ಯ ಗೆದ್ದ ಏಕೈಕ ಸಂದರ್ಭ ಅದು.

ಪ್ಯಾನೆಲ್ಲನ್ನೂ ಮಾರುವ ಸಿದ್ದಣ್ಣ ತಾರಸಿಯ ನಕ್ಷೆ ಬಿಡಿಸಿ, ಆ ಕಾಗದದ ತುಂಬ ಪ್ಯಾನೆಲ್ಲು ಕೂರಿಸಿದರು. "ಒಂದ್ ಮೂಲಿನೂ ಬಿಡಬ್ಯಾಡ್ರಿ. ಬಿಸಲು ಪುಕ್ಕಟ ಅದ!" ನಾನು ಹಿಗ್ಗಿನಿಂದ ನಕ್ಷೆ ತಂದು ಹೆಂಡತಿ ಶಾರದೆಯ ಮುಂದೆ ಹಾಸಿದೆ. ಅವಳು ಬಹಳ ಹೊತ್ತು ನೋಡಿದಳು.

"ಅಷ್ಟು ಪುಕ್ಕಟೆ ಬಿಸಿಲಲ್ಲಿ ನನಗೆ ಒಂಚೂರೂ ಇಲ್ವಾ?"

ಇಷ್ಟು ವರ್ಷ ನಾವಿದ್ದದ್ದು ಬಾಡಿಗೆ ಫ್ಲ್ಯಾಟಿನಲ್ಲಿ. ಸೊಸೈಟಿಯವರು ತಾರಸಿಗೆ ಬೀಗ ಜಡಿದಿದ್ದರು. ಬೇಸಿಗೆ ಬಂದರೆ ಶಾರದೆಯ ಹಪ್ಪಳ, ಸಂಡಿಗೆಗಳು ಕಿಟಕಿಯ ಕಟ್ಟೆಯಲ್ಲೇ ಒಣಗಬೇಕು. ಬೆಳಿಗ್ಗೆ ಅಡುಗೆಮನೆಯಲ್ಲಿ ಬಿದ್ದ ಬಿಸಿಲು ಮಧ್ಯಾಹ್ನಕ್ಕೆ ಮಲಗುವ ಕೋಣೆಗೆ ಸರಿಯುತ್ತಿತ್ತು. ತಟ್ಟೆಗಳನ್ನು ಹೊತ್ತುಕೊಂಡು ಅವಳೂ ಸರಿಯುತ್ತಿದ್ದಳು. ಹೊಸ ಮನೆಯಲ್ಲಿ ನಿನಗೇನು ಬೇಕು ಎಂದು ಕೇಳಿದಾಗ ಅವಳು ಹೇಳಿದ್ದು ಒಂದೇ: ಬೀಗವಿಲ್ಲದ ತಾರಸಿ.

ಆದರೂ ಗಂಡಸಿನ ಬುದ್ಧಿ ಸುಲಭಕ್ಕೆ ಸೋಲುವುದಿಲ್ಲ. "ಕರೆಂಟು ನಮ್ಮದೇ ಆಗ್ತದಲ್ಲ, ಹಪ್ಪಳಕ್ಕೆ ಒಂದು ಓವನ್ ತರುವ" ಎಂದೆ.

"ಅಲ್ಲ ಮಾರಾಯ್ರೆ, ಸೂರ್ಯನಿಂದ ಪ್ಯಾನೆಲ್ಲಿಗೆ, ಪ್ಯಾನೆಲ್ಲಿಂದ ಓವನ್ನಿಗೆ, ಓವನ್ನಿಂದ ಹಪ್ಪಳಕ್ಕೆ. ನಡುವೆ ಇಷ್ಟೆಲ್ಲ ದಲ್ಲಾಳಿಗಳು ಎಂತಕ್ಕೆ?"

ಮಾರ್ಕೆಟ್ ಯಾರ್ಡಿನಲ್ಲಿ ತರಕಾರಿ ಕೊಳ್ಳುವಾಗ ದಲ್ಲಾಳಿಗಳನ್ನು ಬೈಯುವವನು ನಾನೇ. ನಕ್ಷೆ ಮಡಚಿದೆ. ಒಳಗೊಳಗೇ ಹೆಮ್ಮೆಯೂ ಆಯಿತೆನ್ನಿ. ಇಂಥ ಹೆಂಡತಿಯನ್ನು ಆರಿಸಿದವನೂ ನಾನೇ ಎಂದುಕೊಂಡೆ. ಆರಿಸಿದ್ದು ಅವಳು ಎಂಬುದು ಅವಳ ಕಡೆಯ ಇತಿಹಾಸ.

ಮರುದಿನ ದಕ್ಷಿಣದ ಮೂಲೆ, ಅಂದರೆ ಬಿಸಿಲು ಅತಿ ಧಾರಾಳವಾಗಿ ಬೀಳುವ ಜಾಗ, ಖಾಲಿ ಬಿಡಬೇಕೆಂದು ಸಿದ್ದಣ್ಣನಿಗೆ ಹೇಳಿದೆ. "ಹಪ್ಪಳಕ್ಕ ಜಾಗಾ ಬಿಟ್ಟವ್ರನ್ನ ಇದ ಮೊದಲ ನೋಡ್ಲಾಕತ್ತೀನ್ರಿ" ಎಂದು ಹಣೆ ಚಚ್ಚಿಕೊಂಡರು. ಕರೆಂಟಿನ ಬಿಲ್ಲು ಸೊನ್ನೆಯಾಗಲಿಲ್ಲ, ಸಣ್ಣದಾಯಿತು ಅಷ್ಟೆ. ಬಂದವರು ಆ ಮೂಲೆ ನೋಡಿ, ಇನ್ನೆರಡು ಪ್ಯಾನೆಲ್ಲು ಹಿಡಿಯುತ್ತಿತ್ತಲ್ಲ ಎಂದು ಮರುಗುತ್ತಾರೆ. ನಾನು ಮರುಗುವುದಿಲ್ಲ.

ಈ ಬೇಸಿಗೆಯ ಮೊದಲ ಹಪ್ಪಳದ ದಿನ ಶಾರದೆ ಬೆಳಿಗ್ಗೆ ಅಲ್ಲಿ ಹಳೆಯ ಪಂಚೆ ಹಾಸಿ, ಹಪ್ಪಳಗಳನ್ನು ಹರವಿ ಕೆಳಗಿಳಿದಳು. ಬಿಸಿಲು ಎಲ್ಲಿಗೂ ಓಡಲಿಲ್ಲ. ಊಟವಾದ ಮೇಲೆ ಅವಳು ಕಾಲು ಚಾಚಿ ಮಲಗಿದಳು. ನಟ್ಟ ನಡು ಬೇಸಿಗೆಯಲ್ಲಿ, ಹಪ್ಪಳದ ದಿನ, ಅವಳು ಮಧ್ಯಾಹ್ನ ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸದ್ದಾಗದಂತೆ ಬಾಗಿಲು ಎಳೆದುಕೊಂಡು, ತಲೆಗೆ ಟವೆಲು ಸುತ್ತಿ, ಕೈಯಲ್ಲಿ ಕೋಲು ಹಿಡಿದು ತಾರಸಿಗೆ ಹೋಗಿ ಕೂತೆ. ಪುಣೆಯ ಪಾರಿವಾಳಗಳು ಲೋಕಪ್ರಸಿದ್ಧ ಕಳ್ಳರು. ಕರೆಂಟನ್ನು ಪ್ಯಾನೆಲ್ಲು ನೋಡಿಕೊಳ್ಳುತ್ತದೆ, ನೀರನ್ನು ಪಂಪು ನೋಡಿಕೊಳ್ಳುತ್ತದೆ. ಮನೆ ಕಟ್ಟಿಸಿದ ಯಜಮಾನನೂ ಯಾವುದಾದರೂ ಕೆಲಸಕ್ಕೆ ಬರಬೇಕಲ್ಲ.