ಕಾರ್ ಶೆಡ್ಡಿನ ಮೇಡಂ

ಮೇಡಂ ಅವರ ಬಲಗೈ ಬೆರಳುಗಳ ಗೆಣ್ಣಿನ ಮೇಲೆ ಚರ್ಮ ಕಪ್ಪಗಾಗಿ, ಜಡ್ಡುಗಟ್ಟಿತ್ತು. ಕಂಡ ಕಂಡ ಗೋಡೆ, ಕಂಬಗಳನ್ನೆಲ್ಲ ಆ ಗೆಣ್ಣುಗಳಿಂದ ಕುಟ್ಟಿ, ಕಿವಿಗೊಟ್ಟು ಕೇಳುವುದು ಅವರ ಅಭ್ಯಾಸ. ಒಮ್ಮೆ ಡಾಕ್ಟರ ಕೋಣೆಯ ಹೊರಗೆ ಕಾಯುತ್ತಾ ಸುಮ್ಮನಿರಲಾರದೆ ಗೋಡೆ ಕುಟ್ಟಿದರಂತೆ. ಒಳಗಿನಿಂದ ಡಾಕ್ಟರು ‘ಬನ್ನಿ’ ಅಂದರಂತೆ. ಇವರು ಒಳಗೆ ಹೋದದ್ದು ನೋಡಿ ಸರದಿಯಲ್ಲಿದ್ದವರೆಲ್ಲ ಜಗಳಕ್ಕೆ ಬಂದರಂತೆ. ಇದನ್ನು ನನಗೆ ಹೇಳಿದವರು ಅವರ ಯಜಮಾನರು, ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಿದ್ದ ಮೆದು ಮಾತಿನ ಮನುಷ್ಯ.

ಎಪ್ಪತ್ತರ ದಶಕದ ಕೊನೆಯಲ್ಲಿ ಆರ್.ಟಿ. ನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಲ್ಲೊಂದು ಮನೆಯ ಕಾರ್ ಶೆಡ್ಡು ನಮ್ಮ ಆಫೀಸು. ಕಾರು ಇರಲಿಲ್ಲ, ಮೇಡಂ ಅವರ ಲೂನಾ ಇತ್ತು. ಕಟ್ಟಡಗಳಿಗೆ ಎಷ್ಟು ದಪ್ಪದ ಕಂಬ ಬೇಕು, ಎಷ್ಟು ಕಬ್ಬಿಣ ಬೇಕು, ಇರುವ ಕಟ್ಟಡ ಇನ್ನೆಷ್ಟು ಭಾರ ತಡೆಯುತ್ತದೆ ಎಂದು ಲೆಕ್ಕ ಹಾಕಿ ಹೇಳುವ ಕನ್ಸಲ್ಟೆನ್ಸಿ ಅದು. ಇದ್ದವರು ಮೂವರು: ಮೇಡಂ, ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಸಾಬರು, ಮತ್ತು ಆಗ ತಾನೇ ಎಂಜಿನಿಯರಿಂಗ್ ಮುಗಿಸಿದ್ದ ನಾನು.

ಮೇಡಂ ಮೊದಲು ಸರ್ಕಾರಿ ಕೆಲಸದಲ್ಲಿದ್ದರು. ಯಾಕೆ ಬಿಟ್ಟಿರಿ ಎಂದು ಕೇಳಿದರೆ, ಅಲ್ಲಿ ಕುರ್ಚಿ ತುಂಬಾ ಚೆನ್ನಾಗಿತ್ತು ಎನ್ನುತ್ತಿದ್ದರು. ಅವರು ಕೂತು ಊಟ ಮಾಡಿದ್ದನ್ನು ನಾನು ನೋಡಿಲ್ಲ. ಮೊಸರನ್ನದ ಡಬ್ಬಿ ಕೈಯಲ್ಲಿ ಹಿಡಿದು ಗೇಟಿನಿಂದ ಶೆಡ್ಡಿಗೆ, ಶೆಡ್ಡಿನಿಂದ ಗೇಟಿಗೆ ಓಡಾಡುತ್ತಲೇ ಉಣ್ಣುತ್ತಿದ್ದರು. “ಕೂತ್ಕೊಂಡ್ರೆ ಎಲ್ಲಾ ಸರಿಯಿದೆ ಅನ್ನಿಸಿಬಿಡತ್ತೆ ಕಣೋ” ಎಂಬುದು ಅವರ ಮಾತು. ಗಿರಾಕಿಗಳ ಮುಂದೆ ನನ್ನನ್ನು ‘ನೀವು’ ಎನ್ನುತ್ತಿದ್ದರು, ಅವರು ಗೇಟು ದಾಟಿದೊಡನೆ ‘ನೀನು’.

ಇಂಟರ್‌ವ್ಯೂಗೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದವನನ್ನು ಲೂನಾದ ಹಿಂದೆ ಕೂರಿಸಿಕೊಂಡು ಗೊರಗುಂಟೆಪಾಳ್ಯದ ಒಂದು ಕಾರ್ಖಾನೆ ಶೆಡ್ಡಿಗೆ ಕರೆದುಕೊಂಡು ಹೋದರು. ಏಣಿ ತೋರಿಸಿ ಹತ್ತು ಎಂದರು. ಹತ್ತಿದೆ. ಏನು ಕಾಣುತ್ತೆ ಎಂದು ಕೇಳಿದರು. ತುಕ್ಕು ಎಂದೆ. ಎಲ್ಲಿ ಶುರುವಾಗಿದೆ, ನೀರು ಎಲ್ಲಿಂದ ಬರುತ್ತಿದೆ ಎಂದು ಕೇಳುತ್ತಾ ಹೋದರು. ಇಳಿಯುವಷ್ಟರಲ್ಲಿ ಅಂಗಿ ಕೆಂಪಾಗಿತ್ತು, ಕೆಲಸ ಸಿಕ್ಕಿತ್ತು.

ಆ ಆಫೀಸಿನಲ್ಲಿ ನಾನು ಕಲಿತಷ್ಟನ್ನು ನನ್ನ ಜೊತೆಗೆ ಓದಿದವರು ದೊಡ್ಡ ದೊಡ್ಡ ಕಡೆ ಹತ್ತು ವರ್ಷದಲ್ಲೂ ಕಲಿಯಲಿಲ್ಲ. ಬೆಳಿಗ್ಗೆ ಲೆಕ್ಕ, ಮಧ್ಯಾಹ್ನ ದಾಸರಹಳ್ಳಿಯಲ್ಲಿ ಕಾಂಕ್ರೀಟು, ಸಂಜೆ ಚಿಕ್ಕಜಾಲದ ದ್ರಾಕ್ಷಿ ತೋಟದವರ ನೀರಿನ ಟ್ಯಾಂಕು. ಆ ತೋಟದವರು ಬುಟ್ಟಿ ತುಂಬ ದ್ರಾಕ್ಷಿ ತಂದು ಶೆಡ್ಡಿನಲ್ಲಿಟ್ಟು, “ಅಮ್ಮಾವ್ರು ಇಂಗೆ ಮಾಡು ಅಂದ್ರೆ ಇಂಗೇ ಮಾಡ್ಬೇಕು, ಇಲ್ದಿದ್ರೆ ರಾತ್ರಿ ನಿದ್ದೆ ಬರಾಕಿಲ್ಲ” ಎಂದು ನನ್ನ ಕಡೆ ನೋಡಿ ನಕ್ಕಿದ್ದರು. ಆದರೆ ಸಂಬಳ ಒಂದನೇ ತಾರೀಖಿಗೇ ಬರುತ್ತದೆಂಬ ಭರವಸೆ ಇರಲಿಲ್ಲ. ರಜೆ ಎಂಬುದಕ್ಕೆ ನಿಯಮವಿರಲಿಲ್ಲ. ಜ್ವರ ಬಂದು ಮಲಗಿದರೆ ನನ್ನ ಕೆಲಸ ಮಾಡಲು ಇನ್ನೊಬ್ಬರಿರಲಿಲ್ಲ. ಮುಂದೆ ಏನಾಗುತ್ತೇನೆ ಎಂದು ಯೋಚಿಸಿದರೆ, ಆ ಶೆಡ್ಡಿನಲ್ಲಿ ಆಗುವುದಕ್ಕೆ ಬೇರೆ ಏನೂ ಇರಲಿಲ್ಲ. ಒಂದೊಂದು ದಿನ ಹೆಬ್ಬಾಳದ ಏರಿಯ ಮೇಲೆ ಬಸ್ಸಿನಲ್ಲಿ ಬರುವಾಗ, ಸಾಕು, ನಾಳೆ ಬಿಟ್ಟುಬಿಡೋಣ ಅನ್ನಿಸುತ್ತಿತ್ತು. ಮಾರನೇ ದಿನ ಒಂಬತ್ತಕ್ಕೆ ಮುಂಚೆಯೇ ಅಲ್ಲಿರುತ್ತಿದ್ದೆ. ಈ ನಡುವೆ ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಸಿವಿಲ್ ವಿಭಾಗಕ್ಕೆ ಪರೀಕ್ಷೆ ಬರೆದಿದ್ದೆ. ಮೇಡಂಗೆ ಹೇಳಿರಲಿಲ್ಲ.

ಆಗಲೇ ನನ್ನ ಮದುವೆಯ ಮಾತು ನಡೆದದ್ದು. ಹುಡುಗಿಯ ತಂದೆ ಮತ್ತಿಕೆರೆಯವರು, ರೈಲ್ವೆಯಲ್ಲಿ ಹೆಡ್ ಕ್ಲರ್ಕ್. ಯಾವ ಕಂಪನಿ ಎಂದು ಕೇಳಿದರು. ಹೆಸರು ಹೇಳಿದೆ. ಅವರು ಕೇಳಿರಲಿಲ್ಲ; ಯಾರೂ ಕೇಳಿರಲಿಲ್ಲ.

“ಕನ್ಸಲ್ಟೆನ್ಸಿ ಅಂದ್ರೆ ಏನ್ ಮಾಡ್ತೀರಿ?”

“ಕಟ್ಟಡಕ್ಕೆ ಏನೇನು ಬೇಕು ಅಂತ ಲೆಕ್ಕ ಹಾಕಿ ಹೇಳ್ತೀವಿ.”

“ಕಟ್ಟೋದಿಲ್ವಾ?”

“ಇಲ್ಲ.”

“ಬರೀ ಹೇಳೋದಾ?” ಎಂದು ಅವರು ಹೆಂಡತಿಯ ಕಡೆ ತಿರುಗಿದರು.

ಹಾಗಿದ್ದೂ ಹುಡುಗಿ ಒಪ್ಪಿದ್ದಳು, ಮದುವೆ ನಿಶ್ಚಯವಾಯಿತು. ಯಶವಂತಪುರದ ಒಂದು ಛತ್ರ ಗೊತ್ತುಮಾಡಿದರು. ಛತ್ರದ ಯಜಮಾನರು ಮಾವನವರ ಸ್ನೇಹಿತರು. ಅವರಿಗೆ ಛತ್ರದ ಮೇಲೆ ಇನ್ನೊಂದು ಅಂತಸ್ತು ಎತ್ತಿ ರೂಮುಗಳನ್ನು ಕಟ್ಟಿಸುವ ಆಸೆ. ಅಳಿಯನಾಗುವವನ ಕೆಲಸಕ್ಕೆ ಕಡೆಗೂ ಒಂದು ಉಪಯೋಗ ಕಂಡು ಮಾವನವರಿಗೆ ಖುಷಿಯಾಗಿರಬೇಕು. ನಮ್ಮ ಹುಡುಗನ ಆಫೀಸಿನವರನ್ನೇ ಕರೆಸಿ ಎಂದು ತಾವೇ ಹೇಳಿ ಕಳಿಸಿದರು.

ಛತ್ರದಲ್ಲಿ ಕೆಳಗೆ ಊಟದ ಮನೆ, ಮೇಲೆ ಮದುವೆ ನಡೆಯುವ ಹಾಲ್. ಊಟದ ಮನೆಯ ಉದ್ದಕ್ಕೂ ಒಂದು ದೊಡ್ಡ ಬೀಮು, ನಡುವೆ ಎಲ್ಲೂ ಕಂಬವಿಲ್ಲ. ಎಲೆಯ ಸಾಲಿಗೆ ಅಡ್ಡವಾಗಬಾರದೆಂದು ಹಾಗೆ ಕಟ್ಟಿಸಿದ್ದರು. ಮೇಡಂ ಟೇಬಲ್ಲಿನ ಮೇಲೆ ಸ್ಟೂಲು ಇರಿಸಿ ಹತ್ತಿ, ಬೀಮಿನ ತುದಿಯಲ್ಲಿ ಸುಣ್ಣವನ್ನು ಉಗುರಿನಿಂದ ಕೆರೆದರು. ಗೋಡೆಯ ಬಳಿಯಿಂದ ಓರೆಯಾಗಿ ಮೇಲೆ ಹೋದ ಬಿರುಕು ಕಂಡಿತು. ಇನ್ನೊಂದು ತುದಿಯಲ್ಲೂ ಅಂಥದ್ದೇ. ಯಾರೋ ಅದರ ಮೇಲೆ ಸಿಮೆಂಟು ಮೆತ್ತಿ ಸುಣ್ಣ ಬಳಿದಿದ್ದರು. ನಡುವೆ ಬರುವ ಬಿರುಕಿಗೆ ಅಷ್ಟು ಹೆದರಬೇಕಿಲ್ಲ, ತುದಿಯಲ್ಲಿ ಓರೆಯಾಗಿ ಬಂದದ್ದು ಹೇಳದೆ ಕೇಳದೆ ಕೈಕೊಡುತ್ತದೆ ಎಂದು ಅವರೇ ನನಗೆ ಕಲಿಸಿದ್ದರು. ಇನ್ನು ಎರಡೇ ವಾರಕ್ಕೆ ಆ ಬೀಮಿನ ಮೇಲೆ ನನ್ನ ಮದುವೆ, ಅದರ ಕೆಳಗೆ ನನ್ನವರೆಲ್ಲರ ಊಟ.

ಮೇಡಂ ಇಳಿದು ಬಂದು, ಮೇಲೆ ಕಟ್ಟುವ ಮಾತು ಹಾಗಿರಲಿ, ಎರಡೂ ತುದಿಗೆ ಕೆಳಗಿನಿಂದ ಕಂಬ ಕೊಡುವವರೆಗೆ ಮೇಲಿನ ಹಾಲ್‌ನಲ್ಲಿ ಜನ ಸೇರಿಸಬೇಡಿ ಎಂದರು. ಯಜಮಾನರ ಮುಖ ಕಪ್ಪಿಟ್ಟಿತು. “ಮೇಲೆ ಕಟ್ಟೋಕೆ ಕರೆದಿದ್ದಮ್ಮಾ ನಿಮ್ಮನ್ನ, ಕೆಳಗಿರೋದನ್ನ ಮುಚ್ಚಿಸೋಕಲ್ಲ” ಎಂದರು. ಇಷ್ಟು ವರ್ಷದಲ್ಲಿ ನೂರಾರು ಮದುವೆ ಆಗಿವೆ, ಒಂದು ಚೂರು ಗಾರೆ ಉದುರಿಲ್ಲ ಎಂದರು. ಕೊನೆಗೆ ಗಂಡಸು ಎಂಜಿನಿಯರನ್ನೇ ಕರೆಸುತ್ತೇನೆ ಎಂದರು.

ಹೊರಗೆ ಬಂದು ಲೂನಾ ತುಳಿಯುತ್ತಾ ಮೇಡಂ ನನ್ನನ್ನು ಕೇಳಿದರು, “ನಿಮ್ಮ ಮಾವನ ಮನೆ ಯಾವ ಕಡೆ?” ನಾನೇ ಹೇಳುತ್ತೇನೆ ಎಂದೆ. “ನೀನು ಹೇಳ್ಬೇಡ. ಆ ಮನೆ ಜೊತೆ ನೀನು ಬಾಳ್ಬೇಕು. ನಾನು ಹೇಳಿ ಬೈಸ್ಕೋತೀನಿ.”

ಮತ್ತಿಕೆರೆಯ ಆ ನಡುಮನೆಯಲ್ಲಿ ಅವರು ಕೂರಲಿಲ್ಲ. ಕಾಫಿಯನ್ನು ನಿಂತೇ ಕುಡಿದು ನಡೆದದ್ದನ್ನೆಲ್ಲ ಹೇಳಿದರು. ಮಾವನವರು ಮೊದಲು ನನ್ನ ಮುಖ ನೋಡಿದರು, ಆಮೇಲೆ ಗೋಡೆಯ ಕ್ಯಾಲೆಂಡರು ನೋಡಿದರು.

“ಪತ್ರಿಕೆ ಹಂಚಿ ಆಯ್ತು ಮೇಡಂ. ಅವ್ರು ನನ್ನ ಸ್ನೇಹಿತ್ರು ಬೇರೆ. ಬಿದ್ದೇ ಬೀಳತ್ತಾ? ಒಂದೇ ಮಾತು ಹೇಳಿ.”

“ಬೀಳತ್ತೆ ಅಂತ ನಾನು ಹೇಳ್ತಿಲ್ಲ. ಬೀಳಲ್ಲ ಅಂತ ಹೇಳೋಕೆ ನನ್ನಿಂದಾಗಲ್ಲ.”

“ಇದೇನ್ರೀ ಮಾತು ಇದು?” ಎಂದು ಮಾವನವರು ಎದ್ದು ನಿಂತರು. ಅಷ್ಟು ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ, “ಅಪ್ಪಾ, ನಂಗೆ ಆ ಛತ್ರ ಬೇಡ” ಎಂದಳು. ದನಿ ಏರಿಸಿರಲಿಲ್ಲ. ಎಷ್ಟೋ ವರ್ಷದ ಮೇಲೆ ಅವಳು ನನಗೆ ಹೇಳಿದ್ದು ಇಷ್ಟು: ಬಿದ್ದೇ ಬೀಳತ್ತೆ ಅಂತ ಅವರು ಹೆದರಿಸಿದ್ದರೆ ನಾನು ನಂಬ್ತಿರ್ಲಿಲ್ಲ.

ನಮ್ಮ ಮದುವೆ ಆರ್.ಟಿ. ನಗರದಲ್ಲಿ, ಮೇಡಂ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಶಾಮಿಯಾನ ಹಾಕಿ ನಡೆಯಿತು. ಡ್ರಾಫ್ಟ್ಸ್‌ಮನ್ ಸಾಬರು ಊರೆಲ್ಲ ಸುತ್ತಿ ಶಾಮಿಯಾನ ಹೊಂದಿಸಿದರು. ನೀರು, ಒಲೆ ಎಲ್ಲ ಮೇಡಂ ಮನೆಯ ಹಿತ್ತಲಲ್ಲಿ. ಧಾರೆಯ ಹೊತ್ತಿನಲ್ಲಿ ನಾನು ಕಣ್ಣೆತ್ತಿದರೆ ಮೇಡಂ ರೇಷ್ಮೆ ಸೀರೆಯುಟ್ಟು ಶಾಮಿಯಾನದ ಗೂಟಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡುತ್ತಿದ್ದರು. ನೆಂಟರು ಗುಸುಗುಸು ಮಾತಾಡಿಕೊಂಡರು. ಮಾವನವರು ಇಡೀ ದಿನ ಬಿಗಿದ ಮುಖದಲ್ಲಿದ್ದರು. ಅವರ ಸ್ನೇಹಿತರಾದ ಛತ್ರದ ಯಜಮಾನರು ಮದುವೆಗೆ ಬಂದಿರಲಿಲ್ಲ. ಅದೇ ಮುಹೂರ್ತಕ್ಕೆ ಛತ್ರವನ್ನು ಬೇರೆಯವರಿಗೆ ಕೊಟ್ಟಿದ್ದರು. ಆ ಮದುವೆ ಏನೂ ತೊಂದರೆಯಿಲ್ಲದೆ ಆಯಿತು. ಮಾರನೇ ದಿನ ಮಾವನವರು ಅದನ್ನು ನನಗೆ ಮರೆಯದೆ ಹೇಳಿದರು.

ಬೇರೊಬ್ಬ ಎಂಜಿನಿಯರು ಛತ್ರ ಗಟ್ಟಿಯಿದೆ ಎಂದು ಬರೆದುಕೊಟ್ಟರಂತೆ. ಮೇಡಂ ಸಂಬಂಧಪಟ್ಟ ಕಚೇರಿಗೆ ಹೋಗಿ ಹೇಳಿ ಬಂದರು. ಅಲ್ಲಿ ಒಬ್ಬರು ಇನ್ನೊಬ್ಬರನ್ನು ತೋರಿಸಿದರು, ಅವರು ರಜೆಯಲ್ಲಿದ್ದರು. ಮತ್ತೆರಡು ಸಲ ಹೋಗಿಬಂದು ಮೇಡಂ ಸುಮ್ಮನಾದರು. ಅಷ್ಟರಲ್ಲಿ ಈ ಹೆಂಗಸಿಗೆ ಎಲ್ಲದರಲ್ಲೂ ಬಿರುಕೇ ಕಾಣುತ್ತೆ ಎಂಬ ಮಾತು ಯಶವಂತಪುರದಲ್ಲಿ ಹಬ್ಬಿತು. ಬರುತ್ತಿದ್ದ ಕೆಲಸಗಳು ನಿಂತವು. ದೊಡ್ಡ ಕಂಪನಿಗೆ ಒಬ್ಬ ಗಿರಾಕಿ ಕೈತಪ್ಪಿದರೆ ಗೊತ್ತೂ ಆಗುವುದಿಲ್ಲ. ನಮ್ಮ ಶೆಡ್ಡಿನಲ್ಲಿ ಮರುದಿನವೇ ಗೊತ್ತಾಗುತ್ತಿತ್ತು.

ಆಗಲೇ ಜಾಲಹಳ್ಳಿಯ ಕಾರ್ಖಾನೆಯಿಂದ ನನಗೆ ಕೆಲಸದ ಆರ್ಡರು ಬಂತು. ಮನೆಯಲ್ಲಿ ಹಬ್ಬ. ನಾನು ಎರಡು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಮೂರನೇ ದಿನ ತೋರಿಸಿದಾಗ ಮೇಡಂ ಓದಿ, “ಹೋಗು” ಎಂದರು. “ಅಲ್ಲಿ ಆಸ್ಪತ್ರೆ ಇದೆ, ಬಸ್ಸಿದೆ, ಹುಷಾರಿಲ್ಲ ಅಂದ್ರೆ ಮನೇಲಿ ಮಲಗ್ಬಹುದು. ನಾನು ಕೊಡೋಕಾಗೋದು ಕೆಲಸ ಒಂದೇ. ಈಗ ಅದೂ ಇಲ್ಲ.” ಮುಖ ಆ ಕಡೆ ತಿರುಗಿಸಿ ಪೆನ್ಸಿಲು ಚೂಪು ಮಾಡತೊಡಗಿದರು.

ಕಾರ್ಖಾನೆಯಲ್ಲಿ ನನಗೆ ಎಲ್ಲವೂ ಸಿಕ್ಕಿತು. ನನ್ನ ಹೆಂಡತಿಯ ಹೆರಿಗೆ ಕಷ್ಟವಾದಾಗ ಕಾರ್ಖಾನೆಯ ಆಸ್ಪತ್ರೆಯೇ ಅವಳನ್ನು ಉಳಿಸಿತು. ಆದರೆ ಅಲ್ಲಿ ‘ಇದು ಸರಿಯಿಲ್ಲ’ ಎಂಬ ಮಾತು ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗುತ್ತಾ ಹೋಗುತ್ತಾ ಮೆತ್ತಗಾಗುತ್ತಿತ್ತು. ಕೊನೆಯ ಟೇಬಲ್ಲು ಮುಟ್ಟುವ ಹೊತ್ತಿಗೆ ‘ಪರಿಶೀಲಿಸಬಹುದು’ ಎಂದಾಗಿರುತ್ತಿತ್ತು. ನನ್ನ ಟೇಬಲ್ಲು ದಾಟಿತಲ್ಲ ಎಂದು ನಾನೂ ಐದು ಗಂಟೆಗೆ ಬಸ್ಸು ಹತ್ತುತ್ತಿದ್ದೆ. ಕಿಟಕಿಯ ಪಕ್ಕ ಕೂತರೂ ನೆಮ್ಮದಿ ಇರುತ್ತಿರಲಿಲ್ಲ.

ಕೆಲವು ವರ್ಷ ಕಳೆದವು. ಸಾಬರು ಗಲ್ಫಿಗೆ ಹೋದರು. ಮೇಡಂ ಒಬ್ಬರೇ ಅಷ್ಟಿಷ್ಟು ಕೆಲಸ ಮಾಡುತ್ತಿದ್ದರು. ಹಬ್ಬಕ್ಕೊಮ್ಮೆ ನಾನು, ನನ್ನ ಹೆಂಡತಿ ಹೋಗಿಬರುತ್ತಿದ್ದೆವು. ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆ ಅದೇ ಛತ್ರಕ್ಕೆ ಹೋಗಬೇಕಾಯಿತು. ಊಟದ ಮನೆಗೆ ಕಾಲಿಡಲು ಅಂಜುತ್ತಲೇ ಬೀಮಿನ ತುದಿ ನೋಡಿದೆ. ಕೆಳಗೆ ಕಂಬ ಬಂದಿತ್ತು. ಎರಡೂ ಕಡೆ. ಗಾರೆಯ ಹೂಬಳ್ಳಿ ಮಾಡಿಸಿ ಅಲಂಕಾರದ ಕಂಬದಂತೆ ಕಾಣುವ ಹಾಗೆ ಮಾಡಿದ್ದರು.

ಮರುದಿನ ಭಾನುವಾರ ಆರ್.ಟಿ. ನಗರಕ್ಕೆ ಓಡಿದೆ. ಮೇಡಂಗೆ ಆಗ ಉಸಿರಿನ ತೊಂದರೆ. ಡಾಕ್ಟರು ಓಡಾಡಬೇಡಿ ಎಂದಿದ್ದರು. ಸುದ್ದಿ ಕೇಳಿ ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು, “ಕಂಬದ ಬುಡಕ್ಕೆ ಏನ್ ಹಾಕಿದಾರೆ, ಕೇಳಿದ್ಯಾ?” ನಾನು ಕೇಳಿರಲಿಲ್ಲ. ಗಂಡ ಬೇಡವೆಂದರೂ ಕೇಳದೆ ಆಟೋ ತರಿಸಿದರು.

ಛತ್ರದ ಯಜಮಾನರು ಮುದುಕರಾಗಿದ್ದರು. ಮೇಡಂ ಅವರನ್ನು ನೋಡಿ, “ಬನ್ನಿ ಅಮ್ಮಾ” ಎಂದರು. ಬುಡ ಎಷ್ಟು ಆಳ, ಎಷ್ಟು ಅಗಲ ತೆಗೆಸಿದ್ದು ಎಂದು ಮೇಡಂ ಕೇಳಿದ್ದಕ್ಕೆಲ್ಲ ಮರುಮಾತಿಲ್ಲದೆ ಉತ್ತರ ಕೊಟ್ಟರು. ಮೇಡಂ ಪರವಾಗಿಲ್ಲ ಎಂದರು. ಕಾಫಿ ಬಂತು. ಹೊರಡುವಾಗ ಆತ ತಗ್ಗಿದ ದನಿಯಲ್ಲಿ ಹೇಳಿದರು, “ನೀವು ಹೇಳಿದ್ ದಿನದಿಂದ ಕಂಬ ಹಾಕ್ಸೋವರ್ಗೂ ನಮ್ಮನೆ ಮಕ್ಕಳನ್ನ ಇದರ ಕೆಳಗೆ ಊಟಕ್ಕೆ ಕೂರಿಸ್ಲಿಲ್ಲ ಅಮ್ಮಾ.”

ಅದನ್ನು ಕೃತಜ್ಞತೆಯಿಂದಲೇ ಹೇಳಿದರು ಅನ್ನಿಸುತ್ತದೆ. ಮೇಡಂ ಬಂದು ಆಟೋ ಹತ್ತಿದರು. ಮೇಖ್ರಿ ಸರ್ಕಲ್ ದಾಟಿದ ಮೇಲೆ ಬಾಯಿ ಬಿಟ್ಟರು.

“ಅವ್ರಿಗೆ ಅವತ್ತೇ ಗೊತ್ತಾಗಿತ್ತು ನೋಡು. ಗೊತ್ತಿದ್ದೂ ಅಷ್ಟು ಮದುವೆ ಮಾಡಿಸಿದ್ರು.”

ನೀವು ಹೇಳಬೇಕಾದ್ದು ಹೇಳಿದಿರಲ್ಲ ಮೇಡಂ ಎಂದೆ.

“ನಿಮ್ಮ ಮಾವಂಗೆ ಹೇಳ್ದೆ. ನೀನು ನಮ್ಮ ಆಫೀಸಿನವನಾಗಿದ್ದಕ್ಕೆ ಹೇಳ್ದೆ. ಅಲ್ಲಿ ಮದುವೆ ಇಟ್ಕೊಂಡಿದ್ದ ಮಿಕ್ಕೋರ ಮನೆಗೆ ಯಾಕೆ ಹೋಗ್ಲಿಲ್ಲ ನಾನು?”

ಅವರು ಮನೆ ಬರುವವರೆಗೆ ರಸ್ತೆಯ ಎರಡೂ ಕಡೆ ಹೊಸದಾಗಿ ಏಳುತ್ತಿದ್ದ ಮನೆಗಳನ್ನು ನೋಡುತ್ತಾ ಕೂತಿದ್ದರು.

ಯುಗಾದಿಗೆ ಮುಂಚೆ ಅವರು ಹೋಗಿಬಿಟ್ಟರು. ಸುದ್ದಿ ಕೇಳಿ ಮಾವನವರು ನಮಗಿಂತ ಮುಂಚೆ ಅಲ್ಲಿಗೆ ಹೋಗಿ ಗೇಟಿನ ಹತ್ತಿರ ಒಬ್ಬರೇ ನಿಂತಿದ್ದರು.

ಈಗಲೂ ಎಂಜಿನಿಯರಿಂಗ್ ಮುಗಿಸಿದ ಹುಡುಗರು ಬಂದು, ಸಣ್ಣ ಕಂಪನಿ ಸೇರಲೋ ದೊಡ್ಡದನ್ನೋ ಎಂದು ನನ್ನನ್ನು ಕೇಳುತ್ತಾರೆ. ಎರಡರ ಲಾಭ, ನಷ್ಟ ಹೇಳುತ್ತೇನೆ. ನನ್ನ ಹೆಂಡತಿಯನ್ನು ಉಳಿಸಿದ ಆಸ್ಪತ್ರೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಮೇಡಂ ಹೋದ ಮೇಲೆ ಕಾರ್ಖಾನೆಯಲ್ಲಿ ಒಂದು ಕಾಗದವನ್ನೂ ಮುಂದಿನ ಟೇಬಲ್ಲಿಗೆ ತಳ್ಳಿ ಸುಮ್ಮನೆ ಬಸ್ಸು ಹತ್ತಲು ನನ್ನಿಂದ ಆಗಲಿಲ್ಲ. ಯಾವ ಛಾವಣಿ ಸರಿಯಿಲ್ಲವೋ ಕಾರ್ಖಾನೆಯ ಆ ಶೆಡ್ಡಿಗೇ ಹೋಗಿ, ಅದರ ಕೆಳಗೆ ಕೆಲಸ ಮಾಡುವವರಿಗೇ ಹೇಳಿ ಬರುತ್ತಿದ್ದೆ. ಮೇಲಿನವರು ಎರಡು ಸಲ ಕರೆದು ಬೈದರು. ಬೈಸಿಕೊಂಡೆ. ಇನ್ನೂ ಯಾರಿಗೆ ಹೇಳುವುದು ಉಳಿದಿದೆ ಎಂದು ಹುಡುಕುತ್ತಾ ಮನಸ್ಸು ಆಗಾಗ ಎದ್ದು ಹೊರಡುತ್ತದೆ. ಕೆಲಸದಿಂದ ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಅದು ಮನೆಗೆ ಬಂದು ಕೂತಿಲ್ಲ.