ಸವಳು ಬಾವಿಗೆ ಇಳಿಸಿದ ಥರ್ಮಾಮೀಟರು

ದಸ್ತಗೀರ, ಆ ಥರ್ಮಾಮೀಟರನ್ನು ಒಡೆದವನು ನಾನು. ಹಡಗಿನಲ್ಲಿ ಅಲ್ಲ, ರೈಲಿನಲ್ಲಿ ಅಲ್ಲ, ನಿನ್ನ ಕೈಯಲ್ಲಂತೂ ಅಲ್ಲವೇ ಅಲ್ಲ — ತಿರ್ಲಾಪುರದ ನಮ್ಮ ಉಪ್ಪುನೀರಿನ ಸವಳು ಬಾವಿಯಲ್ಲಿ. ಇಷ್ಟು ಬರೆಯಲು ನನಗೆ ನಲವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಎಪ್ಪತ್ತರ ದಶಕದ ಆ ದಿನಗಳು ನಿನಗೆ ನೆನಪಿರಲೇಬೇಕು. ಸಮುದ್ರ ಸಂಶೋಧನೆಗೆಂದು ಸರ್ಕಾರ ಕೊಡಿಸಿದ್ದು ಒಂದೇ ಹಡಗು. ಉಪಕರಣಗಳೂ ಅಷ್ಟೇ, ಸಂಶೋಧನೆಗೆ ಬರುವ ಎಲ್ಲ ಕಾಲೇಜುಗಳಿಗೆ ಸೇರಿ ಒಂದೇ ಪೆಟ್ಟಿಗೆ. ಪಾಳಿ ಬಂದವರು ಬಳಸಿ ಮುಂದಿನವರಿಗೆ ಒಪ್ಪಿಸಬೇಕು, ಒಪ್ಪಿಸಿಕೊಂಡವರು 'ಸುಸ್ಥಿತಿಯಲ್ಲಿದೆ' ಎಂದು ಚೀಟಿಗೆ ಸಹಿ ಹಾಕಬೇಕು. ನವಲಗುಂದದ ಕಡೆಯಿಂದ ಆ ಕೆಲಸಕ್ಕೆ ಸೇರಿದವರು ನಾವಿಬ್ಬರೇ — ನಾನು ಅಳತೆ ಬರೆದುಕೊಳ್ಳುವವನು, ನೀನು ಉಪಕರಣ ನೋಡಿಕೊಳ್ಳುವವನು. ಇಬ್ಬರೂ ಟೆಂಪರರಿ. "ಈ ವರ್ಷ ಮಂಜೂರಿ ಬರತೈತೋ ಇಲ್ಲೋ" ಎಂದು ಡೆಕ್ಕಿನ ಮೇಲೆ ಕೂತು ಚಿಂತೆ ಮಾಡುತ್ತಿದ್ದೆವು.

ಸಮುದ್ರದಾಳದ ಶಾಖ ಅಳೆಯುವ ಆ ಥರ್ಮಾಮೀಟರು ಪರದೇಶದಿಂದ ಬಂದದ್ದು. ಒಡೆದರೆ ಮತ್ತೆ ದಿಲ್ಲಿಗೆ ಬರೆದು ಮಂಜೂರಿಗೆ ಕಾಯಬೇಕು. ಅದಕ್ಕೇ ನೀನು ಅದನ್ನು ಮಲಗಿಸಲೂ ಬಿಡುತ್ತಿರಲಿಲ್ಲ, ಬಸ್ಸಿನಲ್ಲೂ ತೊಡೆಯ ಮೇಲೆ ನಿಲ್ಲಿಸಿಕೊಂಡೇ ಕೂರುತ್ತಿದ್ದೆ. ಆ ಸಲ ನಿನ್ನ ತಂಗಿಯ ಮದುವೆ. ನೀನು ರಜೆಯ ಮೇಲೆ ಊರಿಗೆ ಬಂದಿದ್ದೆ. ಕಾರವಾರದಿಂದ ಹುಬ್ಬಳ್ಳಿಯವರೆಗೆ ನಾನು ತರಬೇಕು, ಅಲ್ಲಿಂದ ಮುಂದಿನ ಪಾಳಿಯವರು ಹಡಗು ಹತ್ತುವ ಮದ್ರಾಸಿಗೆ ನೀನು ಒಯ್ಯಬೇಕು — ಹಾಗೆಂದು ಮಾತಾಗಿತ್ತು. ನಾನು ಎರಡು ದಿನ ಮೊದಲೇ ಹೊರಟು ಅದನ್ನು ತಿರ್ಲಾಪುರಕ್ಕೆ ತಂದೆ.

ನಮ್ಮಪ್ಪ ಸಮುದ್ರ ಕಂಡವನಲ್ಲ. ಮಗ ನೀರಿನ ಶಾಖ ಅಳೆಯುತ್ತಾನೆ ಎಂದರೆ ಕಟ್ಟೆಯ ಮೇಲಿನವರು ನಗುತ್ತಿದ್ದರಂತೆ. ನನ್ನೆದುರಿಗೇ ಒಬ್ಬರು, "ನೀರು ಬೆಚ್ಚಗದನೋ ತಣ್ಣಗದನೋ ನೋಡಾಕ ಸರಕಾರ ಹಡಗಾ ಕೊಟ್ಟದೇನ್ರಿ ಗೌಡ್ರ?" ಎಂದರು. ಅಪ್ಪ ತಲೆ ತಗ್ಗಿಸಿದ. ನನಗೆ ಅಗದಿ ಉರಿದುಹೋಯಿತು. ಥರ್ಮಾಮೀಟರಿನ ಡಬ್ಬಿಯನ್ನು ಹೊರಗೆ ತಂದೆ, ಎಲ್ಲರನ್ನೂ ಬಾವಿಗೆ ಕರೆದೆ, ಸೇದುವ ಹಗ್ಗಕ್ಕೇ ಅದನ್ನು ಕಟ್ಟಿ ಇಳಿಸಿದೆ. ಅಪ್ಪನ ಮರ್ಯಾದೆಗಾಗಿ ಎಂದು ಎಷ್ಟೋ ವರ್ಷ ಹೇಳಿಕೊಂಡೆ. ಸುಳ್ಳು — ನಾಲ್ಕು ಮಂದಿ ನನ್ನನ್ನು ನೋಡಲಿ ಎಂಬ ಸೊಕ್ಕು, ಅಷ್ಟೇ.

ಹಗ್ಗ ತೂಗಾಡಿ ಕಲ್ಲಿಗೆ ಬಡಿಯಿತು. ಹೊರಗಿನ ಹಿತ್ತಾಳೆಗೆ ಏನೂ ಆಗಿರಲಿಲ್ಲ. ಒಳಗಿನ ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು, ಅದರಾಚೆ ಪಾದರಸದ ಎರಡು ಹನಿ. ಮಂದಿ ಹಗ್ಗ ನೋಡುತ್ತಿದ್ದರು, ಅಪ್ಪನೊಬ್ಬ ನನ್ನ ಮುಖ ನೋಡಿದ.

"ಒಡೀತೇನೋ?"

"ಇಲ್ಲಪ್ಪ" ಎಂದೆ.

ಹುಬ್ಬಳ್ಳಿ ಸ್ಟೇಷನ್ನಿಗೆ ನೀನು ಮದುವೆ ಮನೆಯಿಂದ ನೇರ ಬಂದಿದ್ದೆ. ಕಾಗದದಲ್ಲಿ ಕಟ್ಟಿದ್ದ ಬೂಂದಿಯನ್ನು ನನ್ನ ಕೈಗಿಟ್ಟೆ. ನಾನು ಡಬ್ಬಿ ಕೊಟ್ಟೆ. "ತಗದ ನೋಡ್ಕೋ" ಎಂದೂ ಅಂದೆ — ಯಾಕೆ ಅಂದೆನೋ... ನೀನು ನೋಡಿದ್ದರೆ ಆ ಕ್ಷಣಕ್ಕೇ ಬಾಯಿಬಿಡುತ್ತಿದ್ದೆನೋ ಏನೋ.

"ನೀ ಕೊಟ್ಟಮ್ಯಾಲೆ ನೋಡೂದೇನೈತಲೇ?" ಎಂದು ನಕ್ಕು ನೀನು ಮೊಣಕಾಲ ಮೇಲೆ ಚೀಟಿ ಇಟ್ಟು ಸಹಿ ಮಾಡಿದೆ. ರೈಲು ಹೋದ ಮೇಲೆ ನಾನು ಬೂಂದಿ ತಿಂದೆ.

ಆಮೇಲಿನದು ನಿನಗೇ ಗೊತ್ತು. ಸಮುದ್ರದ ನಡುವೆ ಅಳತೆ ಸಿಗಲಿಲ್ಲ. ಎರಡು ವರ್ಷ ಪಾಳಿಗೆ ಕಾದಿದ್ದ ಕಾಲೇಜಿನವರು ಬರಿಗೈಯಲ್ಲಿ ಮರಳಿದರು. ಮುಂದಿನ ವರ್ಷದ ಅನುದಾನದ ಕಾಗದ ಮೇಲಿನವರ ಮೇಜಿನ ಮೇಲಿತ್ತು, ತಪ್ಪು ಯಾರದೆಂದು ಬರೆಯಲೇಬೇಕಿತ್ತು. ನಿನ್ನನ್ನು ಕೇಳಿದಾಗ, ತೆಗೆದುಕೊಳ್ಳುವಾಗ ಚೆನ್ನಾಗಿತ್ತು ಎಂದೆಯಂತೆ. ನನಗೂ ಒಂದು ಕಾಗದ ಬಂತು. 'ಸುಸ್ಥಿತಿಯಲ್ಲಿ ಒಪ್ಪಿಸಿದ್ದೇನೆ' — ಒಂದೇ ಸಾಲು ಬರೆದೆ, ಅಕ್ಷರಗಳು ದುಂಡಗೆ ಬಂದಿದ್ದವು. ನಿನ್ನ ಕೆಲಸ ಹೋಯಿತು. ನನ್ನದು ಪರ್ಮನೆಂಟ್ ಆಯಿತು.

ನೀನು ನವಲಗುಂದದಲ್ಲಿ ರೇಡಿಯೊ ರಿಪೇರಿ ಅಂಗಡಿ ಹಾಕಿದೆ. ಅಪ್ಪ ಒಮ್ಮೆ ಅಲ್ಲಿ ಕೂತು ಬಂದು, "ದಸ್ತಗೀರ ನಿನ್ನ ಕೇಳಿದ. ಆರಾಮ ಅದಾನೇನ್ರಿ ಕಾಕಾ ಅಂದ. ಅವಗ ಖರೇ ಹೇಳೀಯೇನೋ ನೀ?" ಎಂದ. ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋದೆ. ಆಮೇಲೆ ಸಾಯುವವರೆಗೆ ಅಪ್ಪ ನಿನ್ನ ಹೆಸರು ಎತ್ತಲಿಲ್ಲ.

ನಿವೃತ್ತಿಯಾದ ಮೇಲೆ ಊರಿಗೇ ಬಂದೆ. ಈ ಎರೆಹೊಲಗಳ ನಡುವೆ ಯಾರಿಗೆ ಹೇಳಲಿ — ಡೆಕ್ಕಿನಲ್ಲಿ ನಿಂತು ಸಮುದ್ರದಾಳದಿಂದ ತಂತಿ ಎಳೆದುಕೊಳ್ಳುವಾಗ ಕೈಗೆ ಹತ್ತುತ್ತಿದ್ದ ಆ ತಣ್ಣನೆಯ ನೀರಿನ ಬಗ್ಗೆ? ಹೇಳಿದರೆ ತಿಳಿಯುವವನು ಇಡೀ ತಾಲೂಕಿನಲ್ಲಿ ನೀನೊಬ್ಬನೇ. ಬಸ್ಸು ನಿನ್ನ ಅಂಗಡಿಯ ಮುಂದೆ ಹಾಯುವಾಗ ನಾನು ಆ ಬದಿಯ ಕಿಟಕಿಯಲ್ಲಿ ಕೂರುವುದಿಲ್ಲ. ನಿನ್ನ ಅನ್ನ ಕಸಿದೆ, ಸರಿ. ಜೊತೆಗೆ ನನಗಿದ್ದ ಒಬ್ಬನೇ ಗೆಳೆಯನನ್ನೂ...

ಹೆದರಿದ್ದೆ ಎನ್ನಬಹುದು. ಬೇಡ. ಆಗ ಕೆಲಸ ಕೊಟ್ಟಿದ್ದ ಕಚೇರಿಗೂ ಇದನ್ನೇ ಬರೆದು ಅಂಚೆಗೆ ಹಾಕಿದ್ದೇನೆ. ಓದುವವರು ಇದ್ದಾರೋ ಇಲ್ಲವೋ ತಿಳಿಯದು. ಈ ಪ್ರತಿ ನಿನ್ನದು. ನಾಳೆ ಬೆಳಗಿನ ಬಸ್ಸಿಗೆ ಬಂದು ನಾನೇ ನಿನ್ನ ಕೈಗೆ ಕೊಡುತ್ತೇನೆ.

ನಾನು ಕೊಟ್ಟೆನೆಂದು ಹಾಗೇ ಇಟ್ಟುಕೊಳ್ಳಬೇಡ, ದಸ್ತಗೀರ. ಈ ಸಲ ನನ್ನೆದುರಿಗೇ ಬಿಚ್ಚಿ ನೋಡು.